ಗಂಟು ಬನ್‌ಗೆ ಯಾವ ಹಿಟ್ಟು? ಹಾಲಿನದಾ, ಮೊಟ್ಟೆಯದಾ, ಗಂಜಿ ಹಾಕಿದ್ದಾ?

ಗಂಟು ಹಾಕಿದ ಬನ್ ಮಾಡಬೇಕು ಅಂದಾಗ ಎಲ್ಲರೂ ಮೊದಲು ಹುಡುಕುವುದು ಗಂಟು ಹೇಗೆ ಹಾಕೋದು ಅಂತ. ನಾನೂ ಹಾಗೇ ಶುರು ಮಾಡಿದ್ದು. ಗಂಟು ಹತ್ತು ನಿಮಿಷದಲ್ಲಿ ಕೈಗೆ ಹತ್ತಿತು. ಬನ್ ಮಾತ್ರ ಆರೇಳು ಸಲ ಕೈಕೊಟ್ಟಿತು. ಒಂದು ಸಲ ಕಲ್ಲಿನಂತೆ ಗಟ್ಟಿ, ಇನ್ನೊಂದು ಸಲ ಮೆತ್ತಗೇನೋ ಬಂತು, ಆದರೆ ಗಂಟು ಎಲ್ಲಿ ಹೋಯಿತು ಅಂತಲೇ ಗೊತ್ತಾಗದ ಹಾಗೆ ನುಣ್ಣಗಿನ ಉಂಡೆ.

ತಪ್ಪು ಗಂಟಿನಲ್ಲಿರಲಿಲ್ಲ, ಹಿಟ್ಟಿನಲ್ಲಿತ್ತು. ಬನ್ ಮೆತ್ತಗಾಗಬೇಕು ಅಂದರೆ ಹಿಟ್ಟಿನಲ್ಲಿ ನೀರಿನಂಶ ಧಾರಾಳವಾಗಿರಬೇಕು. ಒವನ್ ಒಳಗೆ ಹೋಗಿ ಬಂದ ಮೇಲೂ ಗಂಟು ಗಂಟಾಗಿಯೇ ಕಾಣಬೇಕು ಅಂದರೆ ಹಿಟ್ಟು ಕೊಂಚ ಬಿಗಿಯಾಗಿರಬೇಕು. ಇವೆರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಯಾವ ಪಾಕವಿಧಾನ ತೆಗೆದುಕೊಂಡರೂ ಅದು ಈ ಜಗಳವನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡಿರುತ್ತದೆ, ಹಾಗಾಗಿ ಆರಿಸುವಾಗ ನೋಡಬೇಕಾದದ್ದು ಅದನ್ನೇ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇಲ್ಲಿ ಹಿಟ್ಟು ಅಂದರೆ ಕಲಸಿದ ಹಿಟ್ಟು. ಪುಡಿಗೆ ಮೈದಾ ಅಂತಲೇ ಬರೆದಿದ್ದೇನೆ, ಇಲ್ಲದಿದ್ದರೆ ಎರಡೂ ಕಲಸುಮೇಲೋಗರ ಆಗುತ್ತದೆ.

ಮೂರು ಹಿಟ್ಟುಗಳು

ಲೆಕ್ಕ ಸುಲಭವಾಗಲಿ ಅಂತ ಮೂರಕ್ಕೂ 400 ಗ್ರಾಂ ಮೈದಾ, 8 ಗ್ರಾಂ ಉಪ್ಪು ಇಟ್ಟುಕೊಳ್ಳೋಣ. ಇಷ್ಟರಲ್ಲಿ ಸುಮಾರು 60 ಗ್ರಾಂ ತೂಕದ 12 ಬನ್ ಆಗುತ್ತವೆ. ತಕ್ಕಡಿ ಇಲ್ಲದೆ ಇದಕ್ಕೆ ಇಳಿಯಬೇಡಿ. ಒಂದೇ ಕಪ್ಪಿನಲ್ಲಿ ಮೈದಾವನ್ನು ಸಡಿಲವಾಗಿ ತುಂಬಿದರೆ 120 ಗ್ರಾಂ ಬರುತ್ತದೆ, ಒತ್ತಿ ತುಂಬಿದರೆ 150 ಗ್ರಾಂ ಬರುತ್ತದೆ. ಮೂರು ಕಪ್ಪಿಗೆ 90 ಗ್ರಾಂ ವ್ಯತ್ಯಾಸ ಅಂದರೆ ಬನ್ ಮೆತ್ತಗಾಗುವುದೋ ಕಲ್ಲಾಗುವುದೋ ಅಲ್ಲೇ ತೀರ್ಮಾನ ಆಗಿಹೋಗುತ್ತದೆ.

ಮೊದಲನೆಯದು ಹಾಲಿನ ಹಿಟ್ಟು. 250 ಗ್ರಾಂ ಹಾಲು, 40 ಗ್ರಾಂ ಬೆಣ್ಣೆ, 30 ಗ್ರಾಂ ಸಕ್ಕರೆ, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಅಷ್ಟೇ. ಎಲ್ಲ ಒಟ್ಟಿಗೆ ಹಾಕಿ ಕಲಸಬಹುದು, ಕೈಯಲ್ಲೇ ನಾದಬಹುದು, ಮೂರು ಗಂಟೆಯೊಳಗೆ ಬನ್ ಮುಗಿದಿರುತ್ತದೆ. ಗಂಟು ಚೆನ್ನಾಗಿ ನಿಲ್ಲುವುದು ಇದರಲ್ಲೇ. ಎಳೆ ಎಳೆ ಬೇರೆಯಾಗಿ ಕಾಣುತ್ತದೆ. ಬಣ್ಣವೂ ಚೆನ್ನಾಗಿ ಬರುತ್ತದೆ, ಅದಕ್ಕೆ ಕಾರಣ ಲ್ಯಾಕ್ಟೋಸ್, ಅಂದರೆ ಹಾಲಿನಲ್ಲೇ ಇರುವ ಸಕ್ಕರೆ. ಬ್ರೆಡ್ ಯೀಸ್ಟ್ ನಾವು ಹಾಕಿದ ಸಕ್ಕರೆಯನ್ನು ತಿನ್ನುತ್ತದೆ, ಲ್ಯಾಕ್ಟೋಸನ್ನು ಮುಟ್ಟುವುದಿಲ್ಲ. ಯೀಸ್ಟ್ ತಿನ್ನದೆ ಬಿಟ್ಟಿದ್ದು ಕೊನೆಯವರೆಗೂ ಹಿಟ್ಟಿನಲ್ಲೇ ಉಳಿದು ಒವನ್‌ನಲ್ಲಿ ಕೆಂಪಾಗಲು ಸಹಾಯ ಮಾಡುತ್ತದೆ. ಕೊರತೆ ಒಂದೇ, ಮಾರನೇ ದಿನಕ್ಕೆ ಒಣಗಿದ ಹಾಗೆ ಆಗುತ್ತದೆ. ಬಿಸಿ ಮಾಡಿದರೆ ಸರಿಹೋಗುತ್ತದೆ, ಆದರೆ ತಣ್ಣಗೆ ತಿನ್ನುವವರಿಗೆ ರುಚಿಸುವುದಿಲ್ಲ.

ಎರಡನೆಯದು ಮೊಟ್ಟೆ ಬೆಣ್ಣೆಯ ಹಿಟ್ಟು. 180 ಗ್ರಾಂ ಹಾಲು, ಒಂದು ಇಡೀ ಮೊಟ್ಟೆ, ಜೊತೆಗೆ ಒಂದು ಹಳದಿ, 80 ಗ್ರಾಂ ಬೆಣ್ಣೆ, 40 ಗ್ರಾಂ ಸಕ್ಕರೆ, 6 ಗ್ರಾಂ ಯೀಸ್ಟ್. ಬಾಯಿಗಿಟ್ಟರೆ ಮೂರರಲ್ಲಿ ಇದೇ ಗೆಲ್ಲುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಒಳಗೆ ತಿಳಿ ಹಳದಿ ಬಣ್ಣ, ಘಮ್ಮೆನ್ನುವ ವಾಸನೆ. ಆದರೆ ಮಾಡುವಾಗ ಸತಾಯಿಸುತ್ತದೆ. ಬೆಣ್ಣೆಯನ್ನು ಮೊದಲೇ ಹಾಕುವ ಹಾಗಿಲ್ಲ, ಹಾಕಿದರೆ ಅದು ಮೈದಾದ ಕಣಗಳಿಗೆ ಮೆತ್ತಿಕೊಂಡು, ಹಿಟ್ಟಿಗೆ ಎಳೆತ ಕೊಡುವ ಗ್ಲುಟನ್ ಕೂಡಿಕೊಳ್ಳಲು ಬಿಡುವುದಿಲ್ಲ. ಹಿಟ್ಟು ನಾಲ್ಕೈದು ನಿಮಿಷ ನಾದಿ ಒಂದು ಹದಕ್ಕೆ ಬಂದ ಮೇಲೆ, ಮೆತ್ತಗಿನ ಬೆಣ್ಣೆಯನ್ನು ಒಂದೊಂದೇ ಚಮಚ ಸೇರಿಸುತ್ತಾ ಹೋಗಬೇಕು. ಕೈಯಲ್ಲಿ ಮಾಡಿದರೆ ನಡುವೆ ಒಂದು ಹಂತ ಬರುತ್ತದೆ, ಹಿಟ್ಟೆಲ್ಲ ಹರಿದು ಚಿಂದಿಯಾಗಿ, ಕೈ ಮೊಣಕೈವರೆಗೂ ಜಿಡ್ಡಾಗಿ, ಎಲ್ಲ ಕೆಟ್ಟಿತು ಅನ್ನಿಸುತ್ತದೆ. ಕೆಟ್ಟಿರುವುದಿಲ್ಲ. ಇನ್ನೂ ಐದು ನಿಮಿಷ ನಾದಿದರೆ ಕೂಡಿಕೊಳ್ಳುತ್ತದೆ. ಆದರೂ ಹಿಟ್ಟು ನಾದುವ ಮಿಕ್ಸರ್ ಇಲ್ಲದವರಿಗೆ ಇದನ್ನು ನಾನು ಹೇಳುವುದಿಲ್ಲ.

ಮೊಟ್ಟೆ ಹಾಕಿದರೆ ಮೆತ್ತಗಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ನಿಜ. ಮೆತ್ತಗೆ ಮಾಡುವುದು ಹಳದಿ, ಅದರಲ್ಲಿ ಕೊಬ್ಬೂ ಇದೆ, ನೀರನ್ನೂ ಕೊಬ್ಬನ್ನೂ ಬೆಸೆಯುವ ಲೆಸಿತಿನ್ನೂ ಇದೆ. ಬಿಳಿ ಭಾಗ ಬೆಂದಾಗ ಗಟ್ಟಿಯಾಗುತ್ತದೆ, ಜಾಸ್ತಿಯಾದರೆ ಬನ್ ಒಣಗಿದ ಹಾಗಿರುತ್ತದೆ. ಮೆತ್ತಗಾಗಲಿ ಅಂತ ಎರಡು ಇಡೀ ಮೊಟ್ಟೆ ಹಾಕುವ ಬದಲು ಒಂದು ಮೊಟ್ಟೆ, ಒಂದು ಹಳದಿ ಹಾಕುವುದು ಅದಕ್ಕೇ.

ಮೂರನೆಯದು ಗಂಜಿ ಹಾಕಿದ ಹಿಟ್ಟು. ಚೀನೀ ಹೆಸರು ತಾಂಗ್‌ಝೋಂಗ್. ಜಪಾನಿನಲ್ಲಿ ಕುದಿಯುವ ನೀರನ್ನು ಮೈದಾಗೆ ಸುರಿದು ಮಾಡುವ ಯುದಾನೆ ಅಂತ ಇದೆ, ಎರಡರ ತತ್ವವೂ ಒಂದೇ. 400 ಗ್ರಾಂ ಮೈದಾದಲ್ಲಿ 25 ಗ್ರಾಂ ತೆಗೆದು 125 ಗ್ರಾಂ ಹಾಲಿನಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಬಿಡದೆ ತಿರುಗಿಸುತ್ತಾ ಕಾಯಿಸಬೇಕು. 65 ಡಿಗ್ರಿ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ದಪ್ಪಗಾಗುತ್ತದೆ. ಥರ್ಮಾಮೀಟರ್ ಬೇಕಿಲ್ಲ, ಸೌಟು ಎಳೆದಾಗ ಪಾತ್ರೆಯ ತಳ ಒಂದು ಕ್ಷಣ ಕಂಡು ನಿಧಾನವಾಗಿ ಮುಚ್ಚಿಕೊಂಡರೆ ಸಾಕು, ಇಳಿಸಿ. ಪೂರ್ತಿ ಆರಿದ ಮೇಲೆ ಉಳಿದ 375 ಗ್ರಾಂ ಮೈದಾ, 150 ಗ್ರಾಂ ಹಾಲು, 45 ಗ್ರಾಂ ಬೆಣ್ಣೆ, 35 ಗ್ರಾಂ ಸಕ್ಕರೆ, 5 ಗ್ರಾಂ ಯೀಸ್ಟ್ ಜೊತೆ ಕಲಸಬೇಕು.

ಇಲ್ಲಿ ಒಂದು ಜಾಣತನ ಇದೆ. ಹಸಿ ಪಿಷ್ಟ ತಣ್ಣಗಿರುವಾಗ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಕಾಯಿಸಿದಾಗ ಕಣಗಳು ಉಬ್ಬಿ, ತಮ್ಮ ತೂಕಕ್ಕಿಂತ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊದಲನೇ ಹಿಟ್ಟಿಗೆ ಹಾಕಿದ್ದು 250 ಗ್ರಾಂ ಹಾಲು, ಇದಕ್ಕೆ ಒಟ್ಟು 275 ಗ್ರಾಂ. ಆದರೂ ನಾದಿದ ಮೇಲೆ ಕೈಗೆ ಎರಡೂ ಒಂದೇ ಬಿಗಿಯಲ್ಲಿ ಸಿಗುತ್ತವೆ. ಅಂದರೆ ನೀರು ಜಾಸ್ತಿ ಹೋಯಿತು, ಹಿಟ್ಟು ಸಡಿಲವಾಗಲಿಲ್ಲ. ಮೆತ್ತಗೂ ಆಯಿತು, ಗಂಟೂ ನಿಂತಿತು. ಬನ್ ಎರಡು ಮೂರು ದಿನ ಹಾಗೇ ಮೆತ್ತಗಿರುತ್ತದೆ, ಬಿಸಿ ಮಾಡದೇ ತಿನ್ನಬಹುದು.

ತೊಂದರೆ ಏನಪ್ಪಾ ಅಂದರೆ ಶುರುವಿನಲ್ಲಿ ಇದು ಭಯಂಕರ ಅಂಟು. ಮೊದಲ ಸಲ ಮಾಡಿದಾಗ ನಾನು ಹೆದರಿ ಒಂದು ಹಿಡಿ ಮೈದಾ ಸುರಿದೆ, ಆಮೇಲೆ ಇನ್ನೊಂದು ಹಿಡಿ. ಅಲ್ಲಿಗೆ ಗಂಜಿ ಮಾಡಿದ್ದೂ ದಂಡ, ಹಾಲು ಜಾಸ್ತಿ ಹಾಕಿದ್ದೂ ದಂಡ. ಸುಮ್ನೆ ಮುಚ್ಚಿಟ್ಟು 20 ನಿಮಿಷ ಬಿಟ್ಟು ಬಂದಿದ್ದರೆ ಅರ್ಧ ಅಂಟು ತಾನಾಗಿಯೇ ಹೋಗಿರುತ್ತಿತ್ತು. ಈಗ ಹಾಗೇ ಮಾಡುತ್ತೇನೆ.

ಹಾಗಾದರೆ ಯಾವುದು? ಮೊದಲ ಸಲ ಮಾಡುವವರು ಕಣ್ಣು ಮುಚ್ಚಿಕೊಂಡು ಹಾಲಿನ ಹಿಟ್ಟು ಹಿಡಿಯಿರಿ. ಕೈ ಕುದುರಲಿ. ಬನ್ ನಾಳೆ ನಾಡಿದ್ದರವರೆಗೂ ಇರಬೇಕು ಅಂದರೆ, ಬುತ್ತಿಗೆ ಕಟ್ಟಬೇಕು ಅಂದರೆ ಗಂಜಿಯದ್ದು. ಮಿಕ್ಸರ್ ಇದೆ, ಇವತ್ತೇ ಎಲ್ಲ ಖಾಲಿಯಾಗುತ್ತದೆ ಅನ್ನುವ ಖಾತ್ರಿ ಇದೆ ಅಂದರೆ ಮೊಟ್ಟೆಯದ್ದು. ನಾನು ಹತ್ತರಲ್ಲಿ ಎಂಟು ಸಲ ಗಂಜಿಯದ್ದೇ ಮಾಡುವುದು, ತೊಳೆಯಲು ಒಂದು ಪಾತ್ರೆ ಜಾಸ್ತಿ ಆದರೂ ಪರವಾಗಿಲ್ಲ.

ಹಾಲು ಬೆಣ್ಣೆ ಎರಡೂ ಬೇಡ ಅನ್ನುವವರಿಗೆ ಮೊದಲನೇ ಹಿಟ್ಟನ್ನೇ ಬದಲಾಯಿಸಿಕೊಳ್ಳಬಹುದು. 250 ಗ್ರಾಂ ಹಾಲಿನ ಬದಲು 220 ಗ್ರಾಂ ನೀರು ಸಾಕು, ಯಾಕೆಂದರೆ ಹಾಲಿನಲ್ಲಿ ನೀರಿರುವುದು ನೂರಕ್ಕೆ 87ರಷ್ಟು ಮಾತ್ರ. 40 ಗ್ರಾಂ ಬೆಣ್ಣೆ ಬದಲು ವಾಸನೆ ಇಲ್ಲದ ಎಣ್ಣೆ 32 ಗ್ರಾಂ. ಮೆತ್ತಗಾಗುತ್ತದೆ, ಬಣ್ಣ ಸ್ವಲ್ಪ ಮಂಕು, ರುಚಿಯೂ ಸ್ವಲ್ಪ ಸಪ್ಪೆ. ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿದರೆ ಬಣ್ಣ ಸುಧಾರಿಸುತ್ತದೆ.

ಮೈದಾ, ಬ್ರೆಡ್ ಫ್ಲೋರ್, ಗೋಧಿ

ಇದರಲ್ಲಿ ಜನ ಬೇಕಿಲ್ಲದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಸಾಮಾನ್ಯ ಮೈದಾದಲ್ಲಿ ಪ್ರೋಟೀನ್ ನೂರಕ್ಕೆ 10 ಆಸುಪಾಸು ಇರುತ್ತದೆ, ಬ್ರೆಡ್ ಫ್ಲೋರ್‌ನಲ್ಲಿ 12ರಿಂದ 13. ಪ್ರೋಟೀನ್ ಜಾಸ್ತಿ ಇದ್ದರೆ ಗ್ಲುಟನ್ ಗಟ್ಟಿ, ಬನ್ ಎತ್ತರಕ್ಕೆ ಏಳುತ್ತದೆ, ಅಗಿಯುವಾಗ ಕೊಂಚ ಎಳೆತ ಸಿಗುತ್ತದೆ. ಮೈದಾದ್ದು ಎತ್ತರ ಕಡಿಮೆ, ಆದರೆ ಬಾಯಲ್ಲಿ ಬೇಗ ಕರಗುತ್ತದೆ. ಹಾಲಿನ ಹಿಟ್ಟಿಗೂ ಮೊಟ್ಟೆಯ ಹಿಟ್ಟಿಗೂ ಮೈದಾ ಧಾರಾಳವಾಗಿ ಸಾಕು. ಗಂಜಿಯದ್ದಕ್ಕೆ ಬ್ರೆಡ್ ಫ್ಲೋರ್ ಸಿಕ್ಕಿದರೆ ಒಳ್ಳೆಯದು, ಅಷ್ಟು ನೀರನ್ನು ಹೊರಲು ಬಲ ಬೇಕಲ್ವಾ. ಬ್ರೆಡ್ ಫ್ಲೋರ್ ಹಾಕಿದರೆ ಹಾಲು 10 ಗ್ರಾಂ ಜಾಸ್ತಿ ಹಿಡಿಯಬಹುದು. ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟು ಅಂತ ಬರೆದಿರುತ್ತದೆ, ಹೆಸರಿಗಿಂತ ಅದನ್ನು ನೋಡಿ.

ಗೋಧಿ ಹಿಟ್ಟು ಸೇರಿಸುವ ಆಸೆ ಇದ್ದರೆ ಕಾಲು ಭಾಗಕ್ಕೆ ನಿಲ್ಲಿಸಿ. ತವುಡಿನ ಚೂರುಗಳು ಗ್ಲುಟನ್ ಎಳೆಗಳನ್ನು ಕತ್ತರಿಸುತ್ತವೆ, ನೀರನ್ನೂ ಜಾಸ್ತಿ ಕುಡಿಯುತ್ತವೆ. ಪೂರ್ತಿ ಗೋಧಿಯಲ್ಲಿ ಗಂಟು ಬನ್ ಮಾಡಲು ಹೊಸೆಯುತ್ತಿದ್ದರೆ ಎಳೆ ನಡುವಿನಲ್ಲೇ ಬಿರುಕು ಬಿಡುತ್ತದೆ. ಒಳ್ಳೆಯ ತಿಂಡಿಯೇ, ಆದರೆ ಇದಲ್ಲ.

ಯೀಸ್ಟ್

ಇನ್‌ಸ್ಟಂಟ್ ಯೀಸ್ಟ್ ತೆಗೆದುಕೊಳ್ಳಿ, ನೇರವಾಗಿ ಮೈದಾಗೆ ಸೇರಿಸಿ, ಮಾತು ಮುಗಿಯಿತು. ಆಕ್ಟಿವ್ ಡ್ರೈ ಯೀಸ್ಟ್ ಮನೆಯಲ್ಲಿದ್ದರೆ ಅದೂ ಆಗುತ್ತದೆ, 5 ಗ್ರಾಂ ಬದಲು 6 ಗ್ರಾಂ ಹಾಕಿ, ಮೊದಲು ಉಗುರು ಬೆಚ್ಚಗಿನ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ ನೊರೆ ಬರಲಿ. ತಾಜಾ ಯೀಸ್ಟ್ ಆದರೆ ಮೂರು ಪಟ್ಟು, ಅಂದರೆ 15 ಗ್ರಾಂ. ರುಚಿಯಲ್ಲಿ ಮೂರಕ್ಕೂ ನನಗೆ ವ್ಯತ್ಯಾಸ ಗೊತ್ತಾಗಿಲ್ಲ.

ಗೊತ್ತಾಗಿರುವುದು ಬಿಸಿಯ ವಿಷಯ. ಒಂದು ಸಲ ಹಾಲು ಕಾಯಿಸಿ, ಆರಲು ತಾಳ್ಮೆ ಇಲ್ಲದೆ, ಬೆರಳಿಗೆ ಚುರುಕ್ ಅಂದರೂ ಪರವಾಗಿಲ್ಲ ಅಂತ ಯೀಸ್ಟ್ ಹಾಕಿಬಿಟ್ಟೆ. ಎರಡು ಗಂಟೆ ಕಾದೆ. ಹಿಟ್ಟು ಇಟ್ಟಲ್ಲೇ, ಇಟ್ಟಷ್ಟೇ. ಚಳಿಗೆ ಇರಬೇಕು ಅಂತ ಜಾಗ ಬದಲಾಯಿಸಿದೆ, ಬಟ್ಟೆ ಹೊದಿಸಿದೆ. ಸತ್ತವರನ್ನು ಬೆಚ್ಚಗಿಟ್ಟರೆ ಏಳುತ್ತಾರಾ? 50 ಡಿಗ್ರಿ ದಾಟಿದರೆ ಯೀಸ್ಟ್ ಸಾಯಲು ಶುರುವಾಗುತ್ತದೆ, 60ಕ್ಕೆ ಹೋದರೆ ಕಥೆ ಮುಗಿದಂತೆ. ಹಾಲು 35ರಿಂದ 40 ಡಿಗ್ರಿ ಇದ್ದರೆ ಸಾಕು, ಬೆರಳು ಅದ್ದಿದರೆ ಬಿಸಿ ಅಂತಲೂ ಅನ್ನಿಸಬಾರದು, ತಣ್ಣಗೆ ಅಂತಲೂ ಅನ್ನಿಸಬಾರದು. ಗಂಜಿಯನ್ನು ಪೂರ್ತಿ ಆರಿಸಿ ಅಂತ ಮೇಲೆ ಹೇಳಿದ್ದೂ ಇದಕ್ಕೇ.

ಕೈಯಾ, ಮಿಕ್ಸರಾ, ಮಡಿಸಿ ಬಿಡೋದಾ

ಹಾಲಿನ ಹಿಟ್ಟಿಗೆ ಕೈಯಲ್ಲಿ 10ರಿಂದ 12 ನಿಮಿಷ. ಮಿಕ್ಸರ್ ಆದರೆ ನಿಧಾನದ ವೇಗದಲ್ಲಿ 7, 8 ನಿಮಿಷ. ಗಂಜಿಯದ್ದಕ್ಕೆ ಎರಡರಲ್ಲೂ ಇನ್ನು ಮೂರು ನಾಲ್ಕು ನಿಮಿಷ ಸೇರಿಸಿಕೊಳ್ಳಿ. ಸಾಕಾಯಿತಾ ಅಂತ ನೋಡಲು ಒಂದು ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು ಎರಡೂ ಕೈ ಬೆರಳಲ್ಲಿ ನಿಧಾನಕ್ಕೆ ಹಿಗ್ಗಿಸಿ. ಹರಿಯದೆ, ಆಚೆ ಬದಿಯ ಬೆಳಕು ಕಾಣುವಷ್ಟು ತೆಳ್ಳಗಿನ ಪೊರೆಯಾದರೆ ಸಾಕು. ಅಂಚು ಚಿಂದಿಯಾಗಿ ಹರಿದರೆ ಇನ್ನೂ ನಾದಿ.

ನಾದುವುದೇ ಬೇಡ, ಅರ್ಧ ಗಂಟೆಗೊಮ್ಮೆ ನಾಲ್ಕು ಕಡೆಯಿಂದ ಎಳೆದು ಮಡಿಸುತ್ತಾ ಹೋದರೆ ಸಾಕು ಅನ್ನುವ ವಿಧಾನವೂ ಇದೆ. ನೀರು ಜಾಸ್ತಿ ಇರುವ, ಹೊರಗೆ ಗರಿಗರಿ ಇರುವ ಬ್ರೆಡ್ಡಿಗೆ ಅದು ಸೊಗಸು. ಇಲ್ಲಿ ಅಷ್ಟು ಹೊಂದುವುದಿಲ್ಲ. ಒಳಗೆ ದೊಡ್ಡ ದೊಡ್ಡ ತೂತು ಬೀಳುತ್ತದೆ, ಗಂಟು ಬನ್‌ಗೆ ಬೇಕಾಗಿರುವುದು ಹತ್ತಿಯಂತೆ ಸಣ್ಣ ಸಮನಾದ ಒಳಮೈ. ಹೊಸೆಯುವಾಗಲೂ ಆ ತೂತುಗಳು ಗುಳ್ಳೆಯಾಗಿ ಅಡ್ಡ ಬರುತ್ತವೆ.

ಅವತ್ತೇ ಮಾಡುವುದಾ, ರಾತ್ರಿ ಫ್ರಿಜ್ಜಿನಲ್ಲಿಡುವುದಾ

ಅವತ್ತೇ ಆದರೆ 26ರಿಂದ 28 ಡಿಗ್ರಿ ಇರುವ ಜಾಗದಲ್ಲಿ ಹಿಟ್ಟು ಎರಡರಷ್ಟಾಗಲು ಒಂದರಿಂದ ಒಂದೂವರೆ ಗಂಟೆ. ಸೆಖೆ ಇದ್ದರೆ ಮುಕ್ಕಾಲು ಗಂಟೆಯಲ್ಲೇ ಆಗುತ್ತದೆ, ಗಡಿಯಾರ ನೋಡಬೇಡಿ, ಹಿಟ್ಟು ನೋಡಿ.

ಫ್ರಿಜ್ಜಿನದು 4 ಡಿಗ್ರಿಯಲ್ಲಿ 8ರಿಂದ 16 ಗಂಟೆ. ರುಚಿ ಗಾಢವಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಹೊಸೆಯುವಾಗ ಸಿಗುತ್ತದೆ. ಮೊಟ್ಟೆ ಬೆಣ್ಣೆಯ ಹಿಟ್ಟನ್ನಂತೂ ತಣ್ಣಗೆ ಮಾಡದೆ ಗಂಟು ಹಾಕಲು ಹೋಗಲೇಬೇಡಿ. ಬೆಚ್ಚಗಿರುವಾಗ ಅದರ ಬೆಣ್ಣೆ ಜಿನುಗುತ್ತದೆ, ಎಳೆ ಕೈಯಲ್ಲೇ ಜೋಲುತ್ತದೆ, ಗಂಟಿನ ಏಣು ಮಾಯವಾಗುತ್ತದೆ. ತಣ್ಣಗಿದ್ದರೆ ಅದೇ ಹಿಟ್ಟು ಜೇಡಿಮಣ್ಣಿನ ಹಾಗೆ ಹೇಳಿದ ಮಾತು ಕೇಳುತ್ತದೆ.

ಗಂಟು ಹಾಕಿದ ಮೇಲೆ ಟ್ರೇ ಸಮೇತ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬೇಯಿಸಬಹುದಲ್ಲ ಅಂತ ಅನ್ನಿಸಬಹುದು. ಮಾಡಬಹುದು, ನಾನು ಎರಡು ಸಲ ಮಾಡಿದ್ದೇನೆ. ಎಷ್ಟೇ ಮುಚ್ಚಿದರೂ ಮೇಲ್ಮೈ ಅಲ್ಲಲ್ಲಿ ಒಣಗಿ ಚರ್ಮದಂತಾಗುತ್ತದೆ, ಟ್ರೇ ಇಡಲು ಫ್ರಿಜ್ಜಿನಲ್ಲಿ ಜಾಗವೂ ಇರುವುದಿಲ್ಲ. ಹಿಟ್ಟನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಗಂಟು ಹಾಕುವುದೇ ಸುಖ.

ಎಳೆ ಹೊಸೆಯುವುದು, ಗಂಟು ಆರಿಸುವುದು

ಸ್ವಲ್ಪ ನಿಧಾನಿಸಬೇಕಾದ ಜಾಗ ಇದು. ಹಿಟ್ಟನ್ನು 12 ಪಾಲು ತೂಗಿ, ಒಂದೊಂದನ್ನೂ ಉಂಡೆ ಮಾಡಿ, ಬಟ್ಟೆ ಮುಚ್ಚಿ ಹತ್ತು ನಿಮಿಷ ಸುಮ್ಮನೆ ಬಿಡಿ. ಬಿಡದೆ ಹೊಸೆದರೆ ಎಳೆ ರಬ್ಬರಿನ ಹಾಗೆ ಹಿಂದಕ್ಕೆ ಜಗ್ಗುತ್ತದೆ. ಆಮೇಲೆ ಒಂದು ಉಂಡೆ ತೆಗೆದು ಅಂಗೈಯಲ್ಲಿ ಒತ್ತಿ ಗಾಳಿ ತೆಗೆದು ಚಪ್ಪಟೆ ಮಾಡಿ, ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ, ಅಂಚನ್ನು ಚಿವುಟಿ ಮುಚ್ಚಿ. ಈಗ ನಡುವಿನಿಂದ ಶುರು ಮಾಡಿ ಎರಡೂ ಅಂಗೈಯಲ್ಲಿ ಹಿಂದೆ ಮುಂದೆ ಹೊಸೆಯುತ್ತಾ ಹೊರಗೆ ಸರಿಯಿರಿ.

ಮಣೆಯ ಮೇಲೆ ಮೈದಾ ಉದುರಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಮೈದಾ ಇದ್ದರೆ ಎಳೆ ಉರುಳುವುದಿಲ್ಲ, ಜಾರುತ್ತದೆ, ನೀವು ಎಷ್ಟು ಉಜ್ಜಿದರೂ ಅದು ಅಲ್ಲೇ ಆಚೆ ಈಚೆ ಓಡಾಡುತ್ತಿರುತ್ತದೆ. ಹೊಸೆಯಲು ಸ್ವಲ್ಪ ಹಿಡಿತ ಬೇಕು. ಬರಿ ಮಣೆ ಸಾಕು, ತೀರಾ ಒಣಗಿದ್ದರೆ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿ. ಮೈದಾ ಬೇಕಾಗುವುದು ಎಳೆ ಪೂರ್ತಿ ಆದ ಮೇಲೆ, ಅದೂ ಚಿಟಿಕೆಯಷ್ಟು, ಗಂಟಿನ ಎಳೆಗಳು ಒಂದಕ್ಕೊಂದು ಅಂಟಿ ಒಂದಾಗದೆ ಇರಲಿ ಅಂತ.

ಎಳೆಯ ಉದ್ದ ಗಂಟಿನ ಮೇಲೆ ನಿಂತಿದೆ. ಒಂಟಿ ಗಂಟಿಗೆ 20ರಿಂದ 22 ಸೆಂಟಿಮೀಟರ್ ಸಾಕು. ಕುಣಿಕೆ ಮಾಡಿ ಒಂದು ತುದಿಯನ್ನು ತೂರಿಸಿ ಸಡಿಲವಾಗಿ ಎಳೆಯುವುದು, ಅಷ್ಟೇ. ಬ್ರಹ್ಮಗಂಟು ಹಾಕುವವರ ಹಾಗೆ ಬಿಗಿಯಬೇಡಿ, ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಇರಲಿ, ಹಿಟ್ಟು ಇನ್ನೂ ಉಬ್ಬಬೇಕಲ್ಲ. ಬಿಗಿದರೆ ಉಬ್ಬಲು ಜಾಗ ಇಲ್ಲದೆ ಪಕ್ಕದಲ್ಲಿ ಸಿಡಿಯುತ್ತದೆ. ಈ ಗಂಟಿನ ತುದಿಗಳು ಹೊರಗೆ ಚಾಚಿಕೊಂಡಿರುತ್ತವೆ, ನೋಡಲು ಮುದ್ದಾಗಿರುತ್ತದೆ, ಆದರೆ ತುದಿ ಬೇಗ ಕೆಂಪಾಗುತ್ತದೆ.

ಗುಲಾಬಿ ಗಂಟಿಗೆ 30 ಸೆಂಟಿಮೀಟರ್ ಬೇಕು. ಒಂಟಿ ಗಂಟನ್ನೇ ಹಾಕಿ ಎರಡೂ ತುದಿಯನ್ನು ಉದ್ದಕ್ಕೆ ಬಿಡಿ. ಮೇಲಿರುವ ತುದಿಯನ್ನು ಬನ್‌ನ ಕೆಳಕ್ಕೆ ಮಡಿಸಿ ತಳದಲ್ಲಿ ಒತ್ತಿ. ಕೆಳಗಿರುವ ತುದಿಯನ್ನು ಮೇಲಕ್ಕೆ ತಂದು ನಡುವಿನ ತೂತಿನೊಳಗೆ ತುರುಕಿ. ತುದಿಗಳೆಲ್ಲ ಒಳಗೆ ಸೇರಿಬಿಡುವುದರಿಂದ ಬಿಚ್ಚಿಕೊಳ್ಳುವ ಭಯ ಇಲ್ಲ, ಎಲ್ಲ ಕಡೆ ಒಂದೇ ದಪ್ಪ, ಒಂದೇ ಸಮ ಬೇಯುತ್ತದೆ. ಮೊದಲ ಮೂರು ಬನ್ ವಿಚಿತ್ರವಾಗಿ ಬರುತ್ತವೆ, ನಾಲ್ಕನೆಯದರಿಂದ ಕೈ ತಾನಾಗೇ ಓಡುತ್ತದೆ. ನನ್ನ ಓಟು ಇದಕ್ಕೇ. ಗಂಜಿ ಹಿಟ್ಟಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಮೊಟ್ಟೆಯ ಹಿಟ್ಟಿಗೆ ಒಂಟಿ ಗಂಟೇ ಮೇಲು, ಅದರಲ್ಲಿ ಜಾಸ್ತಿ ಸುತ್ತು ಹಾಕಿದರೂ ಉಬ್ಬಿದ ಮೇಲೆ ಅಷ್ಟೆಲ್ಲ ಕಾಣುವುದಿಲ್ಲ.

ಎಂಟರ ಆಕಾರದ್ದು, ಸುರುಳಿ, ಇವೂ ಇವೆ. ಸುರುಳಿ ಮಕ್ಕಳ ಕೈಗೆ ಕೊಡಲು ಒಳ್ಳೆಯದು, ಹೊರಗಿನ ತುದಿಯನ್ನು ಅಡಿಗೆ ಸಿಕ್ಕಿಸಿದರೆ ಮುಗಿಯಿತು.

ಎರಡನೇ ಉಬ್ಬು, ಮೇಲಿನ ಹೊಳಪು

ಗಂಟು ಹಾಕಿದ ಮೇಲೆ 40ರಿಂದ 50 ನಿಮಿಷ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ತಕ್ಷಣ ಪುಟಿದು ಮುಚ್ಚಿದರೆ ಇನ್ನೂ ಸಮಯ ಬೇಕು, ನಿಧಾನಕ್ಕೆ ಮೇಲೆದ್ದು ಅರ್ಧದಲ್ಲಿ ನಿಂತರೆ ಒವನ್‌ಗೆ ಹೋಗಲಿ, ಗುಳಿ ಹಾಗೇ ಉಳಿದರೆ ತಡವಾಗಿದೆ. ಮಾಮೂಲಿ ಬನ್‌ನಲ್ಲಿ ಐದು ಹತ್ತು ನಿಮಿಷ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಗಂಟು ಬನ್ ಅದನ್ನು ಮುಚ್ಚಿಡುವುದಿಲ್ಲ, ಎಳೆಗಳು ಒಂದರೊಳಗೊಂದು ಕರಗಿ ಮೊದಲು ಹೇಳಿದ ಆ ನುಣ್ಣಗಿನ ಉಂಡೆ ಆಗುತ್ತದೆ. ಬೇಗ ಹಾಕಿದರೂ ಕಷ್ಟ, ಎಳೆಯ ಸಂದಿಯಲ್ಲಿ ಬಿಳಿ ಬಿಳಿಯಾಗಿ ಒಡೆಯುತ್ತದೆ. ಎರಡರಲ್ಲಿ ಒಂದು ತಪ್ಪು ಮಾಡಲೇಬೇಕು ಅಂದರೆ ಐದು ನಿಮಿಷ ಬೇಗ ಹಾಕುವ ತಪ್ಪು ಮಾಡಿ.

ಮೇಲೆ ಹಚ್ಚಲು ಮೊಟ್ಟೆಗೆ ಒಂದು ಚಮಚ ಹಾಲು ಸೇರಿಸಿ ಕಲಕಿದರೆ ಹೊಳೆಯುವ ಕಂದು ಬಣ್ಣ ಬರುತ್ತದೆ, ಗಂಟಿನ ಏಣುಗಳು ಎದ್ದು ಕಾಣುತ್ತವೆ. ಸಂದಿಯಲ್ಲಿ ಮೊಟ್ಟೆ ನಿಲ್ಲದ ಹಾಗೆ ನೋಡಿಕೊಳ್ಳಿ, ನಿಂತರೆ ಅಲ್ಲಿ ಮೊಟ್ಟೆ ದೋಸೆಯಂತೆ ಬೆಂದು ಕೂರುತ್ತದೆ. ಬರಿ ಹಾಲು ಹಚ್ಚಿದರೆ ಹೊಳಪಿಲ್ಲದ ತಿಳಿ ಕಂದು. ಏನೂ ಹಚ್ಚದೆ ಬೇಯಿಸಿ, ಹೊರಗೆ ತೆಗೆದ ತಕ್ಷಣ ಬೆಣ್ಣೆ ಸವರಿದರೆ ಹೊಳಪು ಅರ್ಧ ಗಂಟೆಯಲ್ಲಿ ಹೋಗುತ್ತದೆ, ಆದರೆ ಮೇಲಿನ ಸಿಪ್ಪೆ ರೇಷ್ಮೆಯಷ್ಟು ಮೆತ್ತಗಾಗುತ್ತದೆ. ಫೋಟೋ ಬೇಕಿದ್ದರೆ ಮೊಟ್ಟೆ, ತಿನ್ನಲು ಬೇಕಿದ್ದರೆ ಬೆಣ್ಣೆ. ಎರಡೂ ಮಾಡಿದರೂ ಯಾರೂ ಬೇಡ ಅನ್ನುವುದಿಲ್ಲ.

ಯಾವ ಒವನ್

ಮೇಲೆ ಕೆಳಗೆ ಕಾಯಿಲ್ ಇರುವ ಸಾಮಾನ್ಯ ಒವನ್‌ನಲ್ಲಿ, 15 ನಿಮಿಷ ಮೊದಲೇ ಕಾಯಿಸಿ, ನಡುವಿನ ಅಂತಸ್ತಿನಲ್ಲಿ 180 ಡಿಗ್ರಿಗೆ 16ರಿಂದ 18 ನಿಮಿಷ. ಮೊಟ್ಟೆಯ ಹಿಟ್ಟು ಬೇಗ ಕೆಂಪಾಗುತ್ತದೆ, 13ನೇ ನಿಮಿಷದಿಂದ ಕಣ್ಣಿಡಿ. ಫ್ಯಾನ್ ಇರುವ ಕನ್ವೆಕ್ಷನ್ ಆದರೆ 15, 20 ಡಿಗ್ರಿ ಇಳಿಸಿ. ಫ್ಯಾನಿನ ಗಾಳಿ ಸಿಪ್ಪೆಯನ್ನು ಬೇಗ ಒಣಗಿಸುತ್ತದೆ, ಹಾಗಾಗಿ ಮೆತ್ತಗಿನ ಬನ್‌ಗೆ ಫ್ಯಾನ್ ಆರಿಸುವ ಗುಂಡಿ ಇದ್ದರೆ ಆರಿಸಿಬಿಡಿ. ಏರ್ ಫ್ರೈಯರ್‌ನಲ್ಲೂ ಆಗುತ್ತದೆ, 160 ಡಿಗ್ರಿಗೆ 10ರಿಂದ 12 ನಿಮಿಷ, ಆದರೆ ಒಂದು ಸಲಕ್ಕೆ ನಾಲ್ಕೇ ಹಿಡಿಯುವುದು, ಉಳಿದ ಎಂಟು ಹೊರಗೆ ಕಾಯುತ್ತಾ ಕಾಯುತ್ತಾ ಉಬ್ಬಿ ಹಾಳಾಗುತ್ತವೆ. ಅದರಲ್ಲೇ ಮಾಡುವುದಾದರೆ ಕಾಯುವ ಗಂಟುಗಳನ್ನು ಫ್ರಿಜ್ಜಿನಲ್ಲಿಡಿ.

ಬೆಂದಿದೆಯಾ ಅಂತ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಮೇಲೆ ಕೆಂಪಾಗಿದ್ದೂ ಗಂಟಿನ ನಡುವೆ ಹಸಿ ಇರಬಹುದು, ದಪ್ಪ ಇರುವುದು ಅಲ್ಲೇ. ಥರ್ಮಾಮೀಟರ್ ಇದ್ದರೆ ನಡುವೆ ಚುಚ್ಚಿ, 90 ಡಿಗ್ರಿ ಬಂದರೆ ತೆಗೆಯಿರಿ. ಇಲ್ಲದಿದ್ದರೆ ಒಂದನ್ನು ತಿರುಗಿಸಿ ತಳ ನೋಡಿ, ತಳವೂ ತಿಳಿ ಕಂದಾಗಿ, ಎತ್ತಿದರೆ ಹಗುರ ಅನ್ನಿಸಿದರೆ ಆಯಿತು. ಮೆತ್ತಗಿರಲಿ ಅಂತ ಬೇಗ ತೆಗೆಯುವುದೂ, ಇನ್ನೈದು ನಿಮಿಷ ಇರಲಿ ಅಂತ ಬಿಡುವುದೂ ಎರಡೂ ನಷ್ಟವೇ, ಮೊದಲನೆಯದು ಅಂಟಂಟು, ಎರಡನೆಯದು ರಸ್ಕು.

ಉಳಿದದ್ದನ್ನು ಫ್ರಿಜ್ಜಿಗೆ ಹಾಕಬೇಡಿ. ಬ್ರೆಡ್ ಹಳಸಲಾಗಿ ಗಟ್ಟಿಯಾಗುವುದು ಬರಿ ಒಣಗಿ ಅಲ್ಲ, ಬೆಂದ ಪಿಷ್ಟ ಮತ್ತೆ ಬಿಗಿದುಕೊಳ್ಳುವುದರಿಂದ. ಆ ಕೆಲಸ ಫ್ರಿಜ್ಜಿನ ತಂಪಿನಲ್ಲೇ ಅತಿ ಬೇಗ ನಡೆಯುತ್ತದೆ. ಹೊರಗೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಹಾಲಿನದು ಒಂದು ದಿನ, ಗಂಜಿಯದು ಮೂರು ದಿನ. ಅದಕ್ಕೂ ಮೀರಿ ಉಳಿಯುತ್ತದೆ ಅನ್ನಿಸಿದರೆ ಪೂರ್ತಿ ಆರಿದ ಕೂಡಲೇ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ ಫ್ರೀಜರಿಗೆ ಹಾಕಿ, ಬೇಕಾದಾಗ ಹಾಗೇ ತೆಗೆದು 150 ಡಿಗ್ರಿ ಒವನ್‌ನಲ್ಲಿ ಒಂದು ಹಾಳೆ ಫಾಯಿಲ್ ಮುಚ್ಚಿ ಎಂಟು ಹತ್ತು ನಿಮಿಷ ಇಟ್ಟರೆ ಆಗ ತಾನೇ ಬೇಯಿಸಿದ ಹಾಗೆ ಹಬೆಯಾಡುತ್ತದೆ. ಮೊಟ್ಟೆಯದ್ದೂ ಸೇರಿ ಮೂರಕ್ಕೂ ಇದೇ ದಾರಿ.